ಬೆಟ್ಟದ ಓಟದಲ್ಲಿ ನಿದ್ದೆ ಯಾವಾಗ?

ಪ್ರಶ್ನೆ: ಎರಡು–ಮೂರು ದಿನ ಬೆಟ್ಟಗಳಲ್ಲಿ ಓಡುವವರು ನಿದ್ದೆಗೆ ಏನು ಮಾಡುತ್ತಾರೆ?

ಉತ್ತರ: ದಾರಿಯಲ್ಲೇ ಕೋಳಿನಿದ್ದೆ! ಉದಾಹರಣೆಗೆ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಬೆಟ್ಟದ ಓಟಗಳ ಋತು ಮುಗಿಯುತ್ತಾ ಬರುವ ಅಕ್ಟೋಬರ್‌ನಲ್ಲಿ ‘ಡಿಯಾಗೊನಾಲ್ ದೆ ಫೂ’ ಓಟ ನಡೆಯುತ್ತದೆ. ದಕ್ಷಿಣದ ಸೇಂ-ಪಿಯೇರ್‌ನಿಂದ ಉತ್ತರದ ಸೇಂ-ದನಿಗೆ 160 ಕಿ.ಮೀ.ಗೂ ಹೆಚ್ಚು ದೂರ. ಒಟ್ಟು ಏರು ಸುಮಾರು 10,000 ಮೀಟರ್.

ಮುಂಚೂಣಿಯವರು ಸುಮಾರು 24 ಗಂಟೆಯಲ್ಲಿ ಗುರಿ ಮುಟ್ಟುವುದರಿಂದ ಮಲಗುವ ಗೋಜಿಗೇ ಹೋಗುವುದಿಲ್ಲ.

ಹಿಂದುಳಿದವರಿಗೆ ಎರಡು–ಮೂರು ರಾತ್ರಿ ದಾರಿಯಲ್ಲೇ. ಅಲಾರಂ ಇಟ್ಟು, ಬೂಟು ಬಿಚ್ಚದೆ, ಹದಿನೈದಿಪ್ಪತ್ತು ನಿಮಿಷ ಒರಗುತ್ತಾರೆ. ಅದೂ ತಪ್ಪಿದರೆ ಹೆಡ್‌ಲ್ಯಾಂಪ್ ಬೆಳಕಿಗೆ ಮರದ ಬೇರು ಹಾವಾಗಿ, ಬಂಡೆ ಮನುಷ್ಯನಾಗಿ ಕಾಣುವುದುಂಟು.

ಓಟ ಮುಗಿಸಿದವರಿಗೆ ಸಿಗುವ ಟೀ ಶರ್ಟಿನ ಮೇಲೆ ಫ್ರೆಂಚಿನಲ್ಲಿ ‘ನಾನು ಬದುಕುಳಿದೆ’ ಎಂದಿರುತ್ತದೆ.