ಕಾರಿನ ಎ.ಸಿ. ಬಿಸಿಗಾಳಿ ಬೀಸುತ್ತಿದೆಯೇ?

ಮೇ ತಿಂಗಳ ಮಧ್ಯಾಹ್ನ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಮದುವೆಗೆಂದು ಹೊರಟಿದ್ದೀರಿ ಎಂದುಕೊಳ್ಳಿ. ಹಿಂದಿನ ಸೀಟಿನಲ್ಲಿ ಮಕ್ಕಳು, ಮುಂದೆ ವಯಸ್ಸಾದ ತಾಯಿ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ರಾಜೇಶ್ವರ ಮುಟ್ಟುವಷ್ಟರಲ್ಲಿ ಎ.ಸಿ.ಯಿಂದ ಬಿಸಿಗಾಳಿ! ಹೊರಗೆ 40 ಡಿಗ್ರಿ ಸುಡು ಬಿಸಿಲು. ಗ್ಯಾರೇಜಿಗೆ ಹೋದರೆ "ಗ್ಯಾಸ್ ಖಾಲಿಯಾಗಿದೆ, ತುಂಬಿಸಿಬಿಡೋಣ" ಎನ್ನುತ್ತಾರೆ. ಹಣ ಕೊಟ್ಟು ಬರುತ್ತೀರಿ. ಎರಡೇ ತಿಂಗಳಲ್ಲಿ ಮತ್ತೆ ಅದೇ ಕಥೆ.

ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಅದರ ಬಿಸಿಯನ್ನು ಹೊರಗೆ ಚೆಲ್ಲುತ್ತದೆ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಆವಿಯಾಗುತ್ತಾ ಒಳಗಿನ ಗಾಳಿಯ ಬಿಸಿಯನ್ನು ಹೀರುತ್ತದೆ. ಹಲವು ವರ್ಷಗಳಲ್ಲಿ ಚೂರುಪಾರು ಇಂಗುವುದು ಸಹಜ. ಆದರೆ ತುಂಬಿಸಿದ ಗ್ಯಾಸ್ ಎರಡು ತಿಂಗಳಲ್ಲಿ ಮಾಯವಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹಾಕಿದಂತೆ. ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಈ ಗ್ಯಾಸಿನ ಜೊತೆಗೇ ಓಡಾಡುವುದರಿಂದ, ಗ್ಯಾಸ್ ಕಡಿಮೆಯಾದಾಗ ಎ.ಸಿ. ಓಡಿಸುತ್ತಿದ್ದರೆ ಅದಕ್ಕೂ ಪೆಟ್ಟು. ಆಗ ಖರ್ಚು ಸಾವಿರಗಳಲ್ಲಿ.

ಗ್ಯಾರೇಜಿಗೆ ಹೋಗುವ ಮೊದಲು ನೀವೇ ಸ್ವಲ್ಪ ಗಮನಿಸಿ. ಉಷ್ಣತೆಯ ಗುಂಡಿಯನ್ನು ಮಕ್ಕಳು ಕೆಂಪು ಕಡೆಗೆ ತಿರುಗಿಸಿಲ್ಲವಷ್ಟೇ? (ನಗಬೇಡಿ, ಹೀಗೂ ಆಗುತ್ತದೆ.) ಗಾಳಿಯ ರಭಸವೇ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು. ಅದು ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಹೆದ್ದಾರಿಯಲ್ಲಿ ತಂಪಾಗಿದ್ದು, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ಪೇಟೆಯ ಜನಜಂಗುಳಿಯಲ್ಲಿ ನಿಂತಾಗ ಬಿಸಿಯಾಗುತ್ತದೆಯೇ? ಹಾಗಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಫ್ಯಾನೇ ಮಾಡಬೇಕು. ಬಾನೆಟ್ ತೆರೆದು ದೂರದಿಂದಲೇ ನೋಡಿ. ಕೈ, ಸೆರಗು, ದುಪಟ್ಟಾ ಹತ್ತಿರ ಒಯ್ಯಬೇಡಿ, ಫ್ಯಾನ್ ಹಠಾತ್ತನೆ ತಿರುಗಬಹುದು. ಕಂಡೆನ್ಸರಿಗೆ ಅಂಟಿದ ಮಣ್ಣು, ಹುಳುಗಳನ್ನು ಇಂಜಿನ್ ಆರಿದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಬಹುದು. ರಭಸದ ಪೈಪ್ ಬೇಡ, ಅದರ ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಇವೆಲ್ಲ ಸರಿಯಿದ್ದರೆ ಫ್ಯೂಸ್, ರಿಲೇ, ಕಂಪ್ರೆಸರ್ ಕ್ಲಚ್ ಮೆಕ್ಯಾನಿಕ್ ನೋಡಲಿ.

ಗ್ಯಾಸೇ ಕಡಿಮೆಯಿದೆ ಎಂದಾದರೆ "ಎಲ್ಲಿ ಸೋರುತ್ತಿದೆ, ತೋರಿಸಿ" ಎಂದು ಸಂಕೋಚವಿಲ್ಲದೆ ಕೇಳಿ. ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಎಷ್ಟೋ ಬಾರಿ ಸಿಗುವುದು ಕೆಲವೇ ರೂಪಾಯಿಯ ಸವೆದ ರಬ್ಬರ್ ಉಂಗುರ! ದುರಸ್ತಿಯ ಬಳಿಕ ವ್ಯಾಕ್ಯೂಮ್ ಪಂಪಿನಿಂದ ಗಾಳಿ, ತೇವ ಹೊರತೆಗೆದು, ಆಮೇಲೆಯೇ ಗ್ಯಾಸ್ ತೂಗಿ ತುಂಬಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ ಒಳಗಿನ ಚೀಟಿಯಲ್ಲಿರುತ್ತದೆ. ಜಾಸ್ತಿ ತುಂಬಿದರೆ ತಂಪು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಮನೆಯಲ್ಲಿ ನೀವೇ ತುಂಬುವ ಸಾಹಸ ಬೇಡ. ದ್ರವರೂಪದ ಗ್ಯಾಸ್ ತಾಗಿದರೆ ಚರ್ಮ, ಕಣ್ಣು ಹೆಪ್ಪುಗಟ್ಟುವ ಅಪಾಯವಿದೆ.

ದುರಸ್ತಿಯಾಗುವ ತನಕ ಪ್ರಯಾಣವನ್ನು ಬೆಳಿಗ್ಗೆ ಅಥವಾ ಅಸರ್ ನಂತರ ಇಟ್ಟುಕೊಳ್ಳಿ, ನೀರು ಜೊತೆಗಿರಲಿ. ಎ.ಸಿ. ಸರಿಯಿದ್ದರೂ ಇಲ್ಲದಿದ್ದರೂ, "ಎರಡೇ ನಿಮಿಷ" ಎಂದು ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಅಂಗಡಿಗೆ ಇಳಿಯಲೇಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ.