ಅಷ್ಟಮಿಯನ್ನರಿತ ಏಡಿಗಳು

ತಿಥಿಗಳ ಲೆಕ್ಕವನ್ನು ಮನುಷ್ಯನೊಬ್ಬನೇ ಬಲ್ಲನೆಂದು ನಾವು ಭಾವಿಸುವುದುಂಟು. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಏಡಿಗಳನ್ನು ಕಂಡರೆ ಈ ಹೆಮ್ಮೆ ಉಳಿಯಲಾರದು.

ಜಾವಾದ ದಕ್ಷಿಣಕ್ಕೆ ಸುಮಾರು 350 ಕಿಲೋಮೀಟರು ದೂರದಲ್ಲಿರುವ ಈ ದ್ವೀಪ ಆಸ್ಟ್ರೇಲಿಯಕ್ಕೆ ಸೇರಿದುದು. 1643ರ ಕ್ರಿಸ್‌ಮಸ್ ದಿನ ಇದರ ಬಳಿ ಹಾದುಹೋದ ಆಂಗ್ಲ ನಾವಿಕ ವಿಲಿಯಂ ಮೈನರ್ಸ್ ಅದಕ್ಕೆ ಈ ಹೆಸರಿಟ್ಟನು. ವಿಸ್ತೀರ್ಣ ಕೇವಲ 135 ಚದರ ಕಿಲೋಮೀಟರು. ಸಾಗರದ ತಳದಿಂದೆದ್ದ ಜ್ವಾಲಾಮುಖಿಯೊಂದರ ನೆತ್ತಿಯೇ ಈ ದ್ವೀಪ. ಅದಕ್ಕೆ ಹವಳದ ಸುಣ್ಣಕಲ್ಲಿನ ಹೊದಿಕೆ, ಅದರ ಮೇಲೆ ದಟ್ಟವಾದ ಮಳೆಕಾಡು.

ಆ ಕಾಡಿನ ನೆಲದಲ್ಲಿ ಕೋಟಿಗಟ್ಟಲೆ ಕೆಂಪು ಏಡಿಗಳು ಬಿಲ ತೋಡಿಕೊಂಡು ಬಾಳುತ್ತವೆ. ಉದುರಿದ ಎಲೆಗಳೂ ಎಳೆಯ ಸಸಿಗಳೂ ಅವುಗಳ ಆಹಾರ. ನೆಲದ ಮೇಲಿದ್ದರೂ ಉಸಿರಾಟ ಕಿವಿರುಗಳಿಂದಲೇ; ಆದುದರಿಂದ ತೇವವಿಲ್ಲದೆ ದೂರ ನಡೆಯಲಾರವು. ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಮೊದಲ ಮಳೆ ಬಿದ್ದೊಡನೆ ಕಡಲಿನತ್ತ ಯಾತ್ರೆ ಹೊರಡುತ್ತವೆ. ಮೊದಲು ಗಂಡುಗಳು, ಹಿಂದೆ ಹೆಣ್ಣುಗಳು. ಕೂಡಿದ ಮೇಲೆ ಗಂಡುಗಳು ಕಾಡಿಗೆ ಮರಳುತ್ತವೆ. ಹೆಣ್ಣುಗಳು ಹನ್ನೆರಡು ಹದಿಮೂರು ದಿನ ಬಿಲದಲ್ಲಿದ್ದು, ಕೃಷ್ಣಪಕ್ಷದ ಅಷ್ಟಮಿಯ ಸುಮಾರಿಗೆ, ಬೆಳಗಾಗುವ ಮುನ್ನ, ಉಬ್ಬರವು ಇಳಿಯತೊಡಗಿದಾಗ ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಒಂದೊಂದು ಹೆಣ್ಣಿನಲ್ಲೂ ಲಕ್ಷದವರೆಗೆ ಮೊಟ್ಟೆಗಳು!

ಅಷ್ಟಮಿಯೇ ಏಕೆ? ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಸೆಳೆತಗಳು ಒಂದೇ ರೇಖೆಯಲ್ಲಿ ಕೂಡಿ ಕಡಲನ್ನು ಬಹಳ ಏರಿಳಿಸುತ್ತವೆ. ಅಷ್ಟಮಿಯಲ್ಲಾದರೋ ಅವು ಪರಸ್ಪರ ಲಂಬಕೋನದಲ್ಲಿರುವುದರಿಂದ ಉಬ್ಬರವಿಳಿತಗಳ ಅಂತರ ಅತಿ ಕಡಿಮೆ. ನೀರಿನಂಚಿನಲ್ಲಿ ನಿಲ್ಲಬೇಕಾದ ಜೀವಿಗೆ ಇದೇನು ಸಣ್ಣ ಅನುಕೂಲವಲ್ಲ. ಶುಕ್ಲಾಷ್ಟಮಿಯಲ್ಲಿಯೂ ಹೀಗೆಯೇ ಆಗುವುದಾದರೂ ಏಡಿಗಳು ಆರಿಸಿಕೊಳ್ಳುವುದು ಕೃಷ್ಣಪಕ್ಷವನ್ನೇ. ಮಳೆ ಬಹಳ ತಡವಾದರೆ ಮುಂದಿನ ತಿಂಗಳ ಅದೇ ತಿಥಿಗೆ ಕಾಯುತ್ತವೆ.

ಕಡಲಿನಲ್ಲಿ ಸುಮಾರು ಒಂದು ತಿಂಗಳು ಬೆಳೆದು ಉಳಿದ ಮರಿಗಳು ಐದು ಮಿಲಿಮೀಟರಿನ ಪುಟ್ಟ ಏಡಿಗಳಾಗಿ ಕಾಡಿಗೇರುತ್ತವೆ. ಎಷ್ಟೋ ವರ್ಷ ಒಂದೂ ಬಾರದಿರುವುದುಂಟು.

ಇಷ್ಟು ನಿಖರವಾದ ಏರ್ಪಾಡನ್ನು ಕೆಡಿಸಲು ಒಂದು ಇರುವೆ ಸಾಕಾಯಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮನುಷ್ಯನ ಹಿಂದೆ ಬಂದ ಹಳದಿ ಇರುವೆಗಳು 1990ರ ದಶಕದಲ್ಲಿ ಮಿತಿಮೀರಿ ಹಬ್ಬಿ, ಆಮ್ಲವನ್ನು ಚಿಮ್ಮಿಸಿ ಕೋಟ್ಯಂತರ ಏಡಿಗಳನ್ನು ಕೊಂದವು. ಏಡಿಗಳಿಲ್ಲದೆಡೆ ಕಾಡಿನ ನೆಲವೆಲ್ಲ ಸಸಿಗಳಿಂದಲೂ ತರಗೆಲೆಗಳಿಂದಲೂ ತುಂಬಿಹೋಯಿತು. ಆ ಇರುವೆಗಳನ್ನು ಪೋಷಿಸುತ್ತಿದ್ದುದು ನಮ್ಮ ಅರಗಿನ ಹುಳುವಿನ ಬಂಧುವಾದ ಒಂದು ಕೀಟದ ಸಿಹಿರಸ. ಆದುದರಿಂದ ವಿಜ್ಞಾನಿಗಳು 2016ರಲ್ಲಿ ಆ ಕೀಟವನ್ನು ನಾಶಪಡಿಸುವ ಅತಿಸೂಕ್ಷ್ಮ ಕಣಜವೊಂದನ್ನು ಮಲೇಷ್ಯದಿಂದ ತಂದು ಬಿಟ್ಟರು. ಇರುವೆಯನ್ನು ಮುಟ್ಟದೆ ಅದರ ಅನ್ನಕ್ಕೇ ಕೈಹಾಕಿದರು.

ಚಂದ್ರನ ವೇಳೆ ಎಂದಿಗೂ ತಪ್ಪುವುದಿಲ್ಲ. ಆ ವೇಳೆಗೆ ಕಡಲಂಚನ್ನು ಮುಟ್ಟಲು ಏಡಿಗಳು ಉಳಿದಿರಬೇಕು. ಆ ಹೊಣೆ ಈಗ ನಮ್ಮದು.