ಮಿಂಚಂಚೆಯಲ್ಲಿ ಬರುವ ವೈರಸ್

ಅಪರಿಚಿತನು ಬಾಗಿಲು ತಟ್ಟಿದರೆ ಯಾರೆಂದು ವಿಚಾರಿಸಿ ಒಳಗೆ ಬಿಡುವುದು ನಮ್ಮ ಹಳ್ಳಿಗಳ ರೂಢಿ. ನೆಂಟರ ದನಿ ಕೇಳಿಸಿದರೆ ಮಾತ್ರ ವಿಚಾರಿಸದೆಯೇ ಅಗುಳಿ ತೆಗೆಯುತ್ತೇವೆ. ಮಿಂಚಂಚೆ ಅಥವಾ ಇ-ಮೇಲಿನಲ್ಲಿ ಬರುವ ವೈರಸ್ಸು ಕೂಗುವುದು ಈ ನೆಂಟರ ದನಿಯಲ್ಲಿಯೇ. ಇದನ್ನು ನಾನು ನಷ್ಟಪಟ್ಟು ಕಲಿತೆನು.

ಕಳೆದ ವರ್ಷ ಕಡೂರು ತಾಲ್ಲೂಕಿನ ಕೆರೆಗಳನ್ನು ಕುರಿತು ಕಿರುಪ್ರಬಂಧವೊಂದನ್ನು ಬರೆಯುತ್ತಿದ್ದೆನು. ಅಯ್ಯನಕೆರೆ, ಮದಗದಕೆರೆಗಳ ಏರಿಯ ಮೇಲೆ ಅಲೆದು, ಹಿರಿಯರನ್ನು ಕೇಳಿ ಬರೆದುಕೊಂಡುದನ್ನು ತರೀಕೆರೆಯ ಬಂಧುಗಳ ಮನೆಯ ಕಂಪ್ಯೂಟರಿನಲ್ಲಿ ನಲವತ್ತು ಪುಟಗಳಷ್ಟು ಬೆರಳಚ್ಚು ಮಾಡಿಟ್ಟು, ಚೀಟಿಗಳನ್ನು ಎಸೆದುಬಿಟ್ಟೆನು. ಒಂದು ಸಂಜೆ ಅಜ್ಜಂಪುರದ ಗೆಳೆಯನ ಹೆಸರಿನಲ್ಲಿ ಪತ್ರವೊಂದು ಬಂದಿತು. ಜೊತೆಗೆ 'ಅಂಕಪಟ್ಟಿ' ಎಂಬ ಲಗತ್ತು. ತೆರೆದೆನು, ಅಂಕಪಟ್ಟಿ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಯಾವ ಕಡತವೂ ತೆರೆಯದಾಯಿತು. ಹಣ ಕೊಟ್ಟರೆ ಬಿಡಿಸಿಕೊಡುವೆವೆಂಬ ಬೆದರಿಕೆ ಮಾತ್ರ ಪರದೆಯ ಮೇಲೆ ಉಳಿಯಿತು. ಗೆಳೆಯನನ್ನು ಕೇಳಿದರೆ, ಅವನು ಪತ್ರವನ್ನೇ ಕಳುಹಿಸಿರಲಿಲ್ಲ!

ವೈರಸ್ಸೆಂಬುದು ಗಾಳಿಯಲ್ಲಿ ಹಾರಿ ಬರುವ ರೋಗಾಣುವಲ್ಲ. ಮನುಷ್ಯನೇ ಬರೆದ ಆಜ್ಞೆಗಳ ಸರಣಿ. ಸಾಮಾನ್ಯವಾಗಿ ನಾವು ಲಗತ್ತನ್ನು ತೆರೆಯುವವರೆಗೆ ಅದು ಸುಮ್ಮನಿರುವುದು. 2000ನೆಯ ಇಸವಿಯ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ವೈರಸ್ಸನ್ನು ನೋಡಿರಿ. ಪ್ರೇಮಪತ್ರವೆಂಬ ಹೆಸರಿನ ಅದರ ಲಗತ್ತು ಬರಿಯ ಬರಹದಂತೆ 'ಟಿಎಕ್ಸ್‌ಟಿ' ಎಂದು ಮುಗಿಯುವಂತೆ ಕಾಣುತ್ತಿತ್ತು; ಅದರಾಚೆಗಿದ್ದ 'ವಿಬಿಎಸ್' ಎಂಬ ನಿಜವಾದ ಬಾಲ ಅನೇಕರಿಗೆ ಕಾಣಿಸಲಿಲ್ಲ. ತೆರೆದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅದು ಅವರ ಹೆಸರಿನಲ್ಲಿಯೇ ತನ್ನ ಪ್ರತಿಗಳನ್ನು ಕಳುಹಿಸಿತು, ಚಿತ್ರಗಳನ್ನು ಹಾಳುಮಾಡಿತು. ದೂರದ ಮಾತೇಕೆ? ಬೆಂಗಳೂರಿನ ವಿಪ್ರೋ ಸಂಸ್ಥೆಯ ಕೆಲವು ನೌಕರರ ಖಾತೆಗಳು ವಂಚನೆಯ ಮಿಂಚಂಚೆಗೆ ಸಿಲುಕಿದ್ದುದನ್ನು ಆ ಸಂಸ್ಥೆಯೇ 2019ರ ಏಪ್ರಿಲಿನಲ್ಲಿ ತಿಳಿಸಿತು. ಕಂಪ್ಯೂಟರೇ ಕಸುಬಾದವರ ಪಾಡು ಹೀಗಾದರೆ ನಮ್ಮದೇನು?

ಆದುದರಿಂದ ಕೆಲವು ಎಚ್ಚರಗಳು ಅವಶ್ಯ. ಕಳುಹಿಸಿದವನ ಹೆಸರನ್ನು ಯಾರು ಬೇಕಾದರೂ ನಟಿಸಬಹುದು. ನಿರೀಕ್ಷಿಸದ ಲಗತ್ತು ಬಂದರೆ ಮೊದಲು ಫೋನು ಮಾಡಿ ಕೇಳಬೇಕು. ಲಗತ್ತಿನ ಹೆಸರಿನ ಬಾಲವನ್ನು ನೋಡಬೇಕು: 'ಇಎಕ್ಸ್‌ಇ', 'ಜೆಎಸ್', 'ವಿಬಿಎಸ್' ಎಂದಿದ್ದರೆ ಮುಟ್ಟಬಾರದು, ಫೋನಿನಲ್ಲಿ 'ಎಪಿಕೆ' ಎಂದಿದ್ದರೂ ಹಾಗೆಯೇ. ವರ್ಡ್ ಕಡತವೊಂದು 'ಎನೇಬಲ್ ಕಂಟೆಂಟ್' ಒತ್ತಿರೆಂದು ಕೇಳಿದರೆ ಒತ್ತಬಾರದು. ವಿಂಡೋಸನ್ನೂ ಅದರ ವೈರಸ್ ನಿರೋಧಕವನ್ನೂ ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಿರಬೇಕು. ಮುಖ್ಯ ಬರಹಗಳ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದನ್ನು ಕಳಚಿ ಬೇರೆಡೆ ಇಡಬೇಕು. ಸಿಕ್ಕಿಸಿಯೇ ಬಿಟ್ಟರೆ ವೈರಸ್ಸು ಅದನ್ನೂ ತಿನ್ನುವುದು. ಇಷ್ಟಾದರೂ ಸೋಂಕು ತಗುಲಿದರೆ ತಕ್ಷಣ ಇಂಟರ್‌ನೆಟ್ ಸಂಪರ್ಕವನ್ನು ಕಡಿದು, ಬೇರೊಂದು ಕಂಪ್ಯೂಟರಿನಿಂದ ಪಾಸ್‌ವರ್ಡುಗಳನ್ನು ಬದಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ನನ್ನ ಕಥೆ. ಪ್ರಬಂಧವನ್ನು ಮತ್ತೆ ಬರೆದೆನು, ಇಪ್ಪತ್ತೆರಡು ಪುಟಗಳಾದುವು. ಮದಗದಕೆರೆಯ ತೂಬಿನ ಕಥೆಗಳನ್ನು ಹೇಳಿದ್ದ ಅಜ್ಜನವರ ಬಳಿಗೆ ಇನ್ನೊಮ್ಮೆ ಹೋದಾಗ ಅವರು ತೀರಿಕೊಂಡು ಹದಿನೈದು ದಿನಗಳಾಗಿದ್ದುವು. ಕಂಪ್ಯೂಟರನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು. ಆ ಅಜ್ಜನವರ ಮಾತುಗಳನ್ನು ಎಲ್ಲಿಂದ ತರಲಿ? ಗೆಳೆಯರು ಇಂದು ಸಂಜೆಯೇ ತಮ್ಮ ಬರಹಗಳ ಪ್ರತಿಯೊಂದನ್ನು ತೆಗೆದಿಟ್ಟರೆ ಈ ಲೇಖನ ಸಾರ್ಥಕವೆಂದುಕೊಳ್ಳುವೆನು.